ಕಿವಿತಮಟೆಯ ನಡುಕ ಹಿಡಿದ ಬೆಳಕು

ಪುತ್ತೂರು, ಸುಳ್ಯ, ಕಡಬದ ಕಡೆ ಯಕ್ಷಗಾನದ ಆಟಕ್ಕೆ ಹೋದವರಿಗೆಲ್ಲ ಮದ್ದಳೆಯ ನಾದ ಗೊತ್ತು. ಅದರ ಬಲಮುಚ್ಚಿಗೆಯ ನಡುವೆ ಕಪ್ಪಗೆ ಕಾಣುವ ಲೇಪ, ಅಂದರೆ ಕರ್ಣ, ಇಲ್ಲದಿದ್ದರೆ ಚರ್ಮ ಸದ್ದೇನೋ ಮಾಡೀತು, ಶ್ರುತಿಗೆ ಕೂರದು. ಮೃದಂಗ, ತಬಲಾಗಳಲ್ಲಿ ಇಂಥದ್ದೇ ಕರಿ ಲೇಪದ ಗುಟ್ಟನ್ನು ಬಿಡಿಸಿದವರು ಸಿ. ವಿ. ರಾಮನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಅವರು ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮುಚ್ಚಿಗೆಯ ಮೇಲೆ ನುಣುಪು ಮರಳು ಉದುರಿಸಿ ಬಾರಿಸಿದರೆ, ಮರಳು ನಡುಗುವಲ್ಲಿಂದ ಸಿಡಿದು ಅಲುಗದ ಗೆರೆಗಳಲ್ಲಿ ನಿಲ್ಲುತ್ತದೆ. ನಡುಕದ ನಕ್ಷೆ ಕಣ್ಣಿಗೆ ಕಾಣುತ್ತದೆ. ಎಷ್ಟು ಸರಳ, ಎಷ್ಟು ಸೊಗಸು!

ನಮ್ಮ ಕಿವಿಯೊಳಗಿನ ತಮಟೆಯೂ ಸದ್ದಿಗೆ ನಡುಗುವ ಪೊರೆಯೇ. ಆದರೆ ಈ ಕಿವಿತಮಟೆಗೆ ಮರಳಿನ ಉಪಾಯ ನಡೆಯದು. ಅದರ ಅಡ್ಡಳತೆ ಸುಮಾರು 9 ಮಿಲಿಮೀಟರ್, ದಪ್ಪ 0.1 ಮಿಲಿಮೀಟರ್ ಆಸುಪಾಸು. ಜೋರು ಸದ್ದಿಗೂ ಅದು ಅಲುಗುವುದು ನೂರು ನ್ಯಾನೊಮೀಟರಿನಷ್ಟು, ಅಂದರೆ ಕೂದಲಿನ ದಪ್ಪದ ನೂರಾರು ಪಾಲುಗಳಲ್ಲಿ ಒಂದು. ಅಷ್ಟು ಹಗುರದ ಪೊರೆಯ ಮೇಲೆ ಏನನ್ನು ಅಂಟಿಸಿದರೂ ಅದಕ್ಕೆ ಕರ್ಣ ಹಾಕಿದಂತೆಯೇ, ನಡುಕ ಬೇರೆಯಾಗಿಬಿಡುತ್ತದೆ. ಹಾಗಾಗಿ ಮುಟ್ಟದೆ ಅಳೆಯಬೇಕು.

ಅದಕ್ಕೆ ಲೇಸರ್ ಕಿರಣವನ್ನು ಎರಡಾಗಿ ಸೀಳುತ್ತಾರೆ. ಒಂದು ಪಾಲು ವಸ್ತುವಿಗೆ ಬಡಿದು ಚದುರಿ ಕ್ಯಾಮೆರಾಕ್ಕೆ ಬರುತ್ತದೆ, ಇನ್ನೊಂದು ಪಾಲು ವಸ್ತುವನ್ನು ತಾಕದೆ ಬರುತ್ತದೆ. ಎರಡರ ಅಲೆಗಳು ಹೊಂದಿದ ಕಡೆ ಬೆಳಕು, ಎದುರಾದ ಕಡೆ ಕತ್ತಲು. ಈ ನವಿರು ಪಟ್ಟೆಗಳ ಚಿತ್ರವೇ ಹೊಲೊಗ್ರಾಂ. ಮಾಮೂಲಿ ಫೋಟೊದಲ್ಲಿ ಸಿಗದ ಲೆಕ್ಕವೊಂದು, ಬೆಳಕು ಕ್ರಮಿಸಿದ ದೂರದಲ್ಲಾದ ವ್ಯತ್ಯಾಸ, ಇದರಲ್ಲಿ ಉಳಿದಿರುತ್ತದೆ. ವಸ್ತು ಸರಿಯುವ ಮೊದಲಿನ ಮತ್ತು ನಂತರದ ಹೊಲೊಗ್ರಾಂಗಳನ್ನು ಹೋಲಿಸಿದರೆ, ಕೆಂಪು ಲೇಸರಿನಲ್ಲಿ ಸುಮಾರು 316 ನ್ಯಾನೊಮೀಟರ್ ಸರಿತಕ್ಕೆ ಒಂದು ಪಟ್ಟೆ ಮೂಡುತ್ತದೆ. ಪಟ್ಟೆಯ ಸಣ್ಣ ಪಾಲನ್ನೂ ಕಂಪ್ಯೂಟರ್ ಲೆಕ್ಕ ಹಾಕುವುದರಿಂದ ಕೆಲವೇ ನ್ಯಾನೊಮೀಟರಿನ ನಡುಕವೂ ಸಿಕ್ಕಿಬೀಳುತ್ತದೆ.

ಹೊಲೊಗ್ರಫಿಯ ತತ್ವವನ್ನು ಡೆನಿಸ್ ಗೇಬರ್ 1948ರಲ್ಲಿ ಪ್ರಕಟಿಸಿದರು. 1965ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೊವೆಲ್ ಮತ್ತು ಸ್ಟೆಟ್ಸನ್ ನಡುಗುತ್ತಿರುವ ವಸ್ತುವಿನ ಹೊಲೊಗ್ರಾಂ ತೆಗೆದಾಗ, ಅಲುಗದ ಗೆರೆಗಳು ಎಲ್ಲಕ್ಕಿಂತ ಉಜ್ವಲವಾಗಿ ಕಂಡವು. ರಾಮನ್ನರ ಮರಳು ನಿಂತಿದ್ದು ಇಂಥದ್ದೇ ಗೆರೆಗಳಲ್ಲಿ. 1994ರಲ್ಲಿ ಜರ್ಮನಿಯ ಶ್ನಾರ್ಸ್ ಮತ್ತು ಯುಪ್ಟ್ನರ್ ಹೊಲೊಗ್ರಾಂ ಅನ್ನು ನೇರವಾಗಿ ಕ್ಯಾಮೆರಾದ ಸೆನ್ಸರಿನಲ್ಲಿ ದಾಖಲಿಸಿ ಕಂಪ್ಯೂಟರಿನಲ್ಲೇ ಬಿಡಿಸಿದರು. ಫಿಲಂ ತೊಳೆಯುವ ಕೆಲಸ ತಪ್ಪಿತು.

ಈ ವಿಧಾನದಲ್ಲಿ ಕಿವಿತಮಟೆಯ ಇಡೀ ಮೇಲ್ಮೈ ಒಂದೇ ಸಲಕ್ಕೆ ಕಾಣುತ್ತದೆ. ತಗ್ಗು ಸ್ವರಕ್ಕೆ ಪೊರೆ ಹೆಚ್ಚುಕಡಿಮೆ ಒಟ್ಟಾಗಿ ಅಲುಗುತ್ತದೆ. ಸ್ವರ ಕೆಲವು ಸಾವಿರ ಹರ್ಟ್ಸ್ ದಾಟಿದರೆ ಹಲವು ತುಣುಕುಗಳಾಗಿ ಒಡೆದಂತೆ, ಒಂದು ಏರುವಾಗ ಪಕ್ಕದ್ದು ಇಳಿಯುತ್ತದೆ. ಇಂಥ ಅಳತೆಗಳು ಹೆಚ್ಚಾಗಿ ನಡೆದಿರುವುದು ಮೃತರ ಕಿವಿಯ ಭಾಗಗಳಲ್ಲಿ. ಬದುಕಿರುವವರ ಕಿವಿಯ ನಾಳ ಡೊಂಕು. ಜತೆಗೆ ಉಸಿರು, ನಾಡಿಬಡಿತದ ಅಲುಗಾಟ ನಾವು ಹುಡುಕುವ ನಡುಕಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಸೆಕೆಂಡಿಗೆ ಹತ್ತಾರು ಸಾವಿರ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಹೂಡಿ, ಉಸಿರಾಟ ಅಡ್ಡಬರುವ ಮೊದಲೇ ಅಳತೆ ಮುಗಿಸುವ ಪ್ರಯತ್ನ ನಡೆದಿದೆ.