ಹದಿಮೂರನೇ ತಿಂಗಳು

2015ರ ಡಿಸೆಂಬರ್ 10ರ ರಾತ್ರಿ. ಸಿರಿಯಾದ ಯುದ್ಧದಿಂದ ಪಾರಾದ 163 ಜನರನ್ನು ಹೊತ್ತ ಮಿಲಿಟರಿ ವಿಮಾನವೊಂದು ಕೆನಡಾದ ಟೊರೊಂಟೊದಲ್ಲಿ ಇಳಿಯಿತು. ಅವರನ್ನು ಬರಮಾಡಿಕೊಳ್ಳಲು ಪ್ರಧಾನಿ ಜಸ್ಟಿನ್ ಟ್ರುಡೊ ಖುದ್ದಾಗಿ ಬಂದಿದ್ದರು. ಪುಟ್ಟ ಮಕ್ಕಳಿಗೆ ಚಳಿಗಾಲದ ಕೋಟು ಕೊಡುತ್ತಿರುವ ಅವರ ಫೋಟೊ ಜಗತ್ತಿನ ತುಂಬಾ ಓಡಾಡಿತು. ನಿಮ್ಮ ಫೋನಿಗೂ ಬಂದಿರಬಹುದು.

ಸರಿ, ಫೋಟೊ ಮುಗಿಯಿತು, ಪ್ರಧಾನಿ ಹೊರಟರು. ಮರುದಿನ ಬೆಳಿಗ್ಗೆ ಆ ಮಕ್ಕಳಿಗೆ ಹಾಲು ತಂದವರು ಯಾರು? ಬಾಡಿಗೆ ಮನೆ ಹುಡುಕಿದವರು, ಬಸ್ ಹತ್ತೋದು ಹೇಗೆ ಅಂತ ಹೇಳಿಕೊಟ್ಟವರು ಯಾರು?

ಸರ್ಕಾರಿ ಅಧಿಕಾರಿಗಳು ಅಂದುಕೊಂಡರೆ ತಪ್ಪು. ಕೆನಡಾದಲ್ಲಿ ಈ ಕೆಲಸದ ದೊಡ್ಡ ಪಾಲು ಮಾಡುವವರು ಸಾಮಾನ್ಯ ಜನ. ಅದರಲ್ಲೂ ಚರ್ಚುಗಳ ಸ್ವಯಂಸೇವಕರು. ಆಫೀಸು ಮುಗಿಸಿ ಸಂಜೆ ಬರುವವರು, ಶನಿವಾರ ಕಾರು ತರುವವರು, ರಿಟೈರ್ ಆದ ಮೇಷ್ಟ್ರು, ರಜೆಯ ದಿನ ಬರುವ ನರ್ಸು. ಅವರು ಒಂದು ಕುಟುಂಬದ ಜವಾಬ್ದಾರಿಯನ್ನು ಒಂದು ವರ್ಷದ ಮಟ್ಟಿಗೆ ಹೊತ್ತುಕೊಳ್ಳುತ್ತಾರೆ. ಹನ್ನೆರಡು ತಿಂಗಳು, ಅಷ್ಟೇ.

ಆ ‘ಅಷ್ಟೇ’ ಇದೆಯಲ್ಲ, ಇಡೀ ಕಥೆಯಲ್ಲಿ ಅತ್ಯಂತ ಕಷ್ಟದ ಭಾಗ ಅದು.

ಶುರುವಾಗಿದ್ದು ಹೇಗೆ?

1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಲಕ್ಷಾಂತರ ಜನ ಊರು ಬಿಟ್ಟರು. ಸಣ್ಣ ದೋಣಿಗಳಲ್ಲಿ ಸಮುದ್ರಕ್ಕಿಳಿದ ಅವರಿಗೆ ‘ಬೋಟ್ ಪೀಪಲ್’ ಅಂತಲೇ ಹೆಸರು ಬಿತ್ತು. ಕೆನಡಾದಲ್ಲಿ ಆಗಷ್ಟೇ ಹೊಸ ವಲಸೆ ಕಾಯ್ದೆ ಜಾರಿಗೆ ಬಂದಿತ್ತು. ಸರ್ಕಾರ ಮಾತ್ರವಲ್ಲ, ನಾಗರಿಕರ ಗುಂಪುಗಳೂ ನಿರಾಶ್ರಿತರನ್ನು ಕರೆಸಿಕೊಳ್ಳಬಹುದು ಅಂತ ಅದರಲ್ಲಿ ಅವಕಾಶವಿತ್ತು. ಆದರೆ ಒಂದು ಪುಟ್ಟ ಚರ್ಚು ಇಡೀ ಕಾನೂನು ಹೊಣೆಯನ್ನು ಒಂಟಿಯಾಗಿ ಹೊರೋದು ಸುಲಭವಾ?

ಇದಕ್ಕೊಂದು ದಾರಿ ತೋರಿಸಿದ್ದು ಮೆನೊನೈಟ್ ಸೆಂಟ್ರಲ್ ಕಮಿಟಿ. 1979ರ ಮಾರ್ಚ್‌ನಲ್ಲಿ ಈ ಕ್ರೈಸ್ತ ಸೇವಾಸಂಸ್ಥೆ ಸರ್ಕಾರದ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಹೊಣೆ ದೊಡ್ಡ ಸಂಸ್ಥೆಯದು, ಮನೆ ಹುಡುಕುವ, ಮಕ್ಕಳನ್ನು ಸ್ಕೂಲಿಗೆ ಸೇರಿಸುವ ಕೆಲಸ ಊರಿನ ಚರ್ಚಿನದು. ಇಂಥ ಒಪ್ಪಂದ ಅದೇ ಮೊದಲು. ಬೇರೆ ಚರ್ಚುಗಳೂ ಇದೇ ಹಾದಿ ಹಿಡಿದವು. 1979-80ರಲ್ಲಿ ಕೆನಡಾಕ್ಕೆ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕರೆಸಿಕೊಂಡಿದ್ದು ಇಂಥ ಖಾಸಗಿ ಗುಂಪುಗಳೇ. 1986ರಲ್ಲಿ ವಿಶ್ವಸಂಸ್ಥೆಯ ನ್ಯಾನ್ಸನ್ ಪದಕ ಬಂದಾಗ ಅದು ಒಬ್ಬ ನಾಯಕನಿಗೆ ಬರಲಿಲ್ಲ, ‘ಕೆನಡಾದ ಜನತೆ’ಗೆ ಬಂತು.

ಮೆನೊನೈಟರೇ ಯಾಕೆ ಮುಂದೆ ಬಂದರು? ಅವರ ಮನೆಗಳಲ್ಲೇ ಆ ನೆನಪಿತ್ತು. 1920ರ ದಶಕದಲ್ಲಿ ಸೋವಿಯತ್ ನಾಡಿನಿಂದ ಸುಮಾರು 20,000 ಮೆನೊನೈಟರು ಕೆನಡಾಕ್ಕೆ ಓಡಿಬಂದಿದ್ದರು. ಅವರಲ್ಲಿ ಅನೇಕರು ಬಂದದ್ದು ಸಾಲದ ಟಿಕೆಟ್‌ನಲ್ಲಿ. ಸಾಲ ಕೊಟ್ಟದ್ದು ರೈಲ್ವೆ ಕಂಪನಿ. ಆ ಪ್ರಯಾಣದ ಸಾಲವನ್ನು ಇಡೀ ಸಮುದಾಯ ಕೂಡಿ ತೀರಿಸಿ ಮುಗಿಸಿದ್ದು 1946ರಲ್ಲಿ. ಒಂದು ತಲೆಮಾರೇ ಸಾಲದಲ್ಲಿ ಬೆಳೆದ ಹಾಗೆ. ಹೊಸ ನಾಡಿನಲ್ಲಿ ಹಂಗಿನಲ್ಲಿ ಬದುಕೋದು ಅಂದರೆ ಏನು ಅಂತ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಮೊದಲ ತಿಂಗಳು

ಒಂದು ಕುಟುಂಬ ಅಂತ ಊಹಿಸಿಕೊಳ್ಳಿ. ಅಪ್ಪ, ಅಮ್ಮ, ಮೂರು ಮಕ್ಕಳು, ಒಬ್ಬರು ಅಜ್ಜಿ. ಮಾತಾಡೋದು ಅರಬ್ಬಿ. ಬಂದಿಳಿದಿದ್ದು ಜನವರಿಯಲ್ಲಿ, ವಿನ್ನಿಪೆಗ್‌ನಲ್ಲಿ. ಹೊರಗೆ ಮೈನಸ್ 20 ಡಿಗ್ರಿ.

ಸ್ವಯಂಸೇವಕರ ಗುಂಪು ಅಷ್ಟೊತ್ತಿಗೆ ಒಂದು ವರ್ಷಕ್ಕೆ ಬೇಕಾಗುವ ಹಣ ಒಟ್ಟು ಮಾಡಿರುತ್ತೆ. ಬಾಡಿಗೆ, ದಿನಸಿ, ಬಟ್ಟೆ, ಬಸ್ ಪಾಸ್ ಎಲ್ಲದಕ್ಕೂ. ಒಬ್ಬರು ಮನೆ ನೋಡಿಕೊಂಡರೆ ಇನ್ನೊಬ್ಬರು ಮಕ್ಕಳ ಸ್ಕೂಲು. ಒಬ್ಬರು ಬ್ಯಾಂಕ್ ಖಾತೆ ತೆರೆಸುತ್ತಾರೆ, ಮತ್ತೊಬ್ಬರು ಹೆಲ್ತ್ ಕಾರ್ಡಿಗೆ ಅರ್ಜಿ ಹಾಕಿಸುತ್ತಾರೆ. ಹಲ್ಲುನೋವಿನ ಡಾಕ್ಟರು, ಇಂಗ್ಲಿಷ್ ಕ್ಲಾಸು, ಮಕ್ಕಳಿಗೆ ಹಿಮದ ಬೂಟು. ಪಟ್ಟಿ ಮುಗಿಯಲ್ಲ.

ಕಂಪನಿ ವೀಸಾದಲ್ಲಿ ವಿದೇಶಕ್ಕೆ ಹೋದ ನಿಮ್ಮ ಗೆಳೆಯರನ್ನು ಕೇಳಿ ನೋಡಿ. ಇಂಗ್ಲಿಷ್ ಬರುತ್ತೆ, ಕೈಯಲ್ಲಿ ಕೆಲಸ ಇದೆ, ಆದರೂ ಮೊದಲ ತಿಂಗಳು ತಲೆ ಗಿರ್ ಅಂದಿರುತ್ತೆ. ಇವರಿಗೆ ಎರಡೂ ಇಲ್ಲ. ಜೊತೆಗೆ, ಬಂದ ವಿಮಾನದ ಟಿಕೆಟ್ಟೇ ಎಷ್ಟೋ ಕುಟುಂಬಗಳ ಹೆಗಲ ಮೇಲೆ ಸರ್ಕಾರದ ಸಾಲವಾಗಿ ಕೂತಿರುತ್ತೆ. ಮೆನೊನೈಟ್ ಅಜ್ಜಂದಿರ ಕಥೆಯೇ ಮತ್ತೆ.

ಹಂಗು ಅನ್ನೋ ಮುಳ್ಳು

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿದೆ. ತೊಂದರೆ ಶುರುವಾಗೋದು ಪ್ರೀತಿಯಿಂದಲೇ.

ಗುಂಪಿನವರು ಚರ್ಚಿನ ಹತ್ತಿರ, ಶಾಂತವಾದ ಬೀದಿಯಲ್ಲಿ ಮನೆ ನೋಡಿದ್ದಾರೆ. ಕುಟುಂಬಕ್ಕೆ ಬೇಕಿರೋದು ಅರಬ್ಬಿ ಅಂಗಡಿ, ಮಸೀದಿ, ತಮ್ಮ ಭಾಷೆಯ ನಾಲ್ಕು ಜನ ಇರುವ ಗಿಜಿಗಿಜಿ ಬಡಾವಣೆ. ಗುಂಪಿನವರು ಅಂಗಡಿಗೆ ಹೋಗಿ ಆರಿಸಿ ತಂದ ಸೋಫಾವನ್ನು ಅವರು ಮಾರಿಬಿಟ್ಟರು, ನೆಲದ ಮೇಲೆ ಹಾಸಿಗೆ ಹಾಕಿಕೊಂಡರು. ಅಪ್ಪನ ಕೈಯಲ್ಲಿ ಹೊಸ ಫೋನು ಕಂಡಿತು. “ನಾವು ಕೊಟ್ಟ ದುಡ್ಡಲ್ಲಿ ಇದು ಬೇಕಿತ್ತಾ?” ಅಂತ ಯಾರದೋ ಮನಸ್ಸಿನಲ್ಲಿ ಬಂದೇ ಬರುತ್ತೆ. ಲೆಬನಾನಿನ ಕ್ಯಾಂಪಿನಲ್ಲಿ ಉಳಿದ ತಂಗಿಯ ಮುಖ ನೋಡಲು ಆ ಮನೆಯಲ್ಲಿರೋದು ಆ ಫೋನ್ ಒಂದೇ ಅನ್ನೋದು ಆಮೇಲೆ ತಿಳಿಯುತ್ತೆ.

ನಮಗೆ ಇದು ಹೊಸದೇನಲ್ಲ. ಹಳ್ಳಿಯಿಂದ ಓದಲು ಬಂದ ಹುಡುಗನನ್ನು ಪೇಟೆಯ ಚಿಕ್ಕಪ್ಪ ಮನೆಯಲ್ಲಿಟ್ಟುಕೊಂಡಿರುತ್ತಾರೆ. ಒಳ್ಳೆಯವರೇ, ಹೊಟ್ಟೆ ತುಂಬಾ ಊಟ ಹಾಕಿದವರೇ. ಆದರೆ ಆ ಹುಡುಗನಿಗೆ ನಲವತ್ತಾದರೂ ಮದುವೆಮನೆಗಳಲ್ಲಿ “ನಮ್ಮನೇಲಿದ್ದು ಓದಿದವನು ಇವನು” ಅಂತಲೇ ಪರಿಚಯ. ಆ ಒಂದು ಮಾತಿಗೆ ಅವನು ತಲೆ ತಗ್ಗಿಸುವುದನ್ನು ನಾವೆಲ್ಲಾ ನೋಡಿದ್ದೇವೆ. ಕೆಲವರು ನಾವೇ ಆಗಿದ್ದೇವೆ.

ಕೆನಡಾದ ವ್ಯವಸ್ಥೆ ಈ ಮುಳ್ಳನ್ನು ಸ್ವಲ್ಪ ಮೊಂಡು ಮಾಡಿದೆ. ಹೀಗೆ ಬಂದವರು ಅತಿಥಿಗಳಲ್ಲ, ಬಂದ ದಿನದಿಂದ ಕಾಯಂ ನಿವಾಸಿಗಳು. ಎಲ್ಲಿ ಬೇಕಾದರೂ ಮನೆ ಮಾಡಬಹುದು, ಯಾವ ಕೆಲಸಕ್ಕಾದರೂ ಸೇರಬಹುದು. ಗುಂಪು ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ. ಕಾಗದದ ಮೇಲೆ ಇದೆಲ್ಲಾ ಸರಿ. ಆದರೆ ಊಟಕ್ಕೆ ಕೊಟ್ಟವರು ಎದುರಿಗೆ ಕೂತಾಗ “ಬೇಡ” ಅನ್ನೋ ಶಬ್ದ ಗಂಟಲಿಂದ ಹೊರಗೆ ಬರಬೇಕಲ್ಲ?

ಪ್ರಾರ್ಥನೆಯ ಪ್ರಶ್ನೆ

ಈ ಹಂಗು ಅತ್ಯಂತ ನಾಜೂಕಾಗೋದು ಧರ್ಮದ ವಿಷಯದಲ್ಲಿ. ಸ್ವಯಂಸೇವಕರನ್ನು ಇಲ್ಲಿಗೆ ತಂದದ್ದು ಅವರ ನಂಬಿಕೆ. ಪರದೇಶಿಯನ್ನು ಒಳಗೆ ಕರೆದುಕೋ ಅನ್ನೋ ಬೈಬಲ್ಲಿನ ಮಾತನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಬಂದವರಲ್ಲಿ ಕೆಲವರು ಕ್ರೈಸ್ತರು, ಅನೇಕರು ಮುಸ್ಲಿಮರು.

“ಭಾನುವಾರ ಚರ್ಚಿಗೆ ಬನ್ನಿ, ಎಲ್ಲರೂ ನಿಮ್ಮನ್ನು ನೋಡಬೇಕಂತೆ” ಅಂತ ಯಾರೋ ಒಳ್ಳೆ ಮನಸ್ಸಿನಿಂದಲೇ ಕರೆಯುತ್ತಾರೆ. ಕುಟುಂಬ ಬರುತ್ತೆ. ಇಷ್ಟವಾಗಿ ಬಂದರೋ, ಬಾಡಿಗೆ ಕಟ್ಟುವವರು ಕರೆದರು ಅಂತ ಬಂದರೋ? ಹೇಳೋದು ಕಷ್ಟ. ಅದಕ್ಕೇ ಅನುಭವ ಇರುವ ಗುಂಪುಗಳು ಮೊದಲ ದಿನಗಳಲ್ಲಿ ಹಾಗೆ ಕರೆಯೋದೇ ಇಲ್ಲ. ಬದಲಿಗೆ ಹತ್ತಿರದ ಮಸೀದಿಯ ವಿಳಾಸ, ಹಲಾಲ್ ಮಾಂಸದ ಅಂಗಡಿಯ ದಾರಿ ಬರೆದುಕೊಡುತ್ತಾರೆ. ಎಷ್ಟೋ ಊರುಗಳಲ್ಲಿ ಚರ್ಚು, ಮಸೀದಿ, ಯಹೂದಿ ಮಂದಿರದವರು ಸೇರಿಯೇ ಒಂದು ಕುಟುಂಬವನ್ನು ನೋಡಿಕೊಂಡಿದ್ದಾರೆ.

ತಮ್ಮ ನಂಬಿಕೆಯನ್ನು ಬಚ್ಚಿಡಬೇಕು ಅಂತಲ್ಲ. ಅದನ್ನು ಬಾಡಿಗೆ ಚೀಟಿಯ ಜೊತೆ ಪಿನ್ ಮಾಡಿ ಕೊಡಬಾರದು, ಅಷ್ಟೇ.

ಕೈಬಿಡೋದಲ್ಲ, ಕೈ ಬಿಡಿಸಿಕೊಳ್ಳೋದು

ಹನ್ನೆರಡು ತಿಂಗಳು ಮುಗಿದ ಮೇಲೆ ಬರೋದನ್ನು ಅಲ್ಲಿಯ ಸ್ವಯಂಸೇವಕರು ‘ಹದಿಮೂರನೇ ತಿಂಗಳು’ ಅಂತ ಕರೆಯುತ್ತಾರೆ. ಗುಂಪಿನ ಹಣ ನಿಂತುಹೋಗುವ ತಿಂಗಳು. ಎಲ್ಲಾ ಕುಟುಂಬಗಳೂ ಅಷ್ಟರಲ್ಲಿ ನೆಟ್ಟಗೆ ನಿಂತಿರಲ್ಲ. ಭಾಷೆ ಇನ್ನೂ ತೊದಲುತ್ತಿರುತ್ತೆ, ಊರಲ್ಲಿ ಎಂಜಿನಿಯರ್ ಆಗಿದ್ದವರು ಇಲ್ಲಿ ಗೋಡೌನಿನಲ್ಲಿ ಪೆಟ್ಟಿಗೆ ಎತ್ತುತ್ತಿರಬಹುದು. ಕೆಲಸ ಸಿಗದವರು ಪ್ರಾಂತ್ಯ ಸರ್ಕಾರದ ನೆರವಿಗೆ ಅರ್ಜಿ ಹಾಕುತ್ತಾರೆ. ಅದನ್ನು ನೋಡಿ “ನಾವು ಸೋತೆವು” ಅಂತ ಸ್ವಯಂಸೇವಕರು ಕೊರಗುವುದೂ ಉಂಟು.

ಆದರೆ ಸೋಲು ಗೆಲುವನ್ನು ಅಳೆಯಬೇಕಾದ್ದು ಬೇರೆ ಕಡೆ. ಆ ಅಮ್ಮ ಈಗ ಡಾಕ್ಟರ ಅಪಾಯಿಂಟ್‌ಮೆಂಟನ್ನು ತಾನೇ ಫೋನ್ ಮಾಡಿ ತಗೊಳ್ತಾಳಾ? ಸ್ಕೂಲಿನ ಪತ್ರ ಬಂದರೆ ಗುಂಪಿನವರನ್ನು ಕೇಳದೆ ಉತ್ತರ ಬರೀತಾಳಾ? ಗುಂಪಿಗೆ ಇಷ್ಟವಿಲ್ಲದ ಬಡಾವಣೆಗೆ ಮನೆ ಬದಲಾಯಿಸೋ ಧೈರ್ಯ ಆ ಅಪ್ಪನಿಗೆ ಬಂತಾ? ಬಂದಿದ್ದರೆ ವರ್ಷದ ಕೆಲಸ ಆಗಿದೆ. ಮೊದಲ ತಿಂಗಳಿಂದಲೇ ಇದಕ್ಕೆ ತಯಾರಿ ಬೇಕು. ಕಾರಲ್ಲಿ ಕರೆದೊಯ್ಯೋದು ಸುಲಭ, ಬಸ್ಸಲ್ಲಿ ಜೊತೆಗೆ ಹೋಗಿ ದಾರಿ ತೋರಿಸೋದಕ್ಕೆ ಇಡೀ ಮಧ್ಯಾಹ್ನ ಬೇಕು.

ಆಮೇಲೆ ಕೆಲವು ಕುಟುಂಬಗಳು ಗುಂಪಿನವರನ್ನು ಊಟಕ್ಕೆ ಕರೆಯುತ್ತವೆ, ವರ್ಷಗಟ್ಟಲೆ ಸ್ನೇಹ ಉಳಿಯುತ್ತೆ. ಇನ್ನು ಕೆಲವರು ಊರೇ ಬದಲಾಯಿಸುತ್ತಾರೆ, ಫೋನ್ ಕೂಡ ಮಾಡಲ್ಲ. ಎರಡನೆಯದು ನೋವಾಗುತ್ತೆ, ನಿಜ. ಆದರೆ ಫೋನ್ ಮಾಡದೇ ಇರುವ ಸ್ವಾತಂತ್ರ್ಯವೂ ಅವರಿಗೆ ಸಿಕ್ಕಿದ್ದು ಇದೇ ಜನರಿಂದಲ್ವಾ?

ಈಗ ಈ ಬಾಗಿಲು ಕಿರಿದಾಗುತ್ತಿದೆ. ಅರ್ಜಿಗಳು ಜಾಸ್ತಿ, ಜಾಗ ಕಡಿಮೆ, ಕಾಯುವಿಕೆ ವರ್ಷಗಟ್ಟಲೆ. 2024ರ ನವೆಂಬರ್ 29ರಿಂದ ಕೆನಡಾ ಸರ್ಕಾರ, ಐದು ಜನ ಸೇರಿ ಮಾಡುವ ಗುಂಪುಗಳ ಮತ್ತು ಸಣ್ಣ ಸಮುದಾಯ ಸಂಸ್ಥೆಗಳ ಹೊಸ ಅರ್ಜಿಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಒಪ್ಪಂದವಿರುವ ದೊಡ್ಡ ಸಂಸ್ಥೆಗಳ ದಾರಿಗೂ ವಾರ್ಷಿಕ ಮಿತಿಯಿದೆ. ಹೀಗಿರುವಾಗ ಈಗಾಗಲೇ ಬಂದಿರುವ ಕುಟುಂಬಗಳ ಜೊತೆ ಕೂತು ಇಂಗ್ಲಿಷ್ ಓದಿಸುವವರು, ಮಕ್ಕಳಿಗೆ ಗಣಿತ ಹೇಳಿಕೊಡುವವರು ಇನ್ನೂ ಹೆಚ್ಚು ಬೇಕು. ಅದಕ್ಕೆ ಕ್ರೈಸ್ತರೇ ಆಗಬೇಕಿಲ್ಲ, ಅಲ್ಲಿ ನೆಲೆಸಿರುವ ಕನ್ನಡಿಗರೂ ಆಗಬಹುದು.

ಇಲ್ಲೇ ಇರುವ ನಮಗೆ? ನಮ್ಮ ಮನೆಯಲ್ಲೂ ಯಾರೋ ಒಬ್ಬರ ಫೀಸು ಕಟ್ಟುತ್ತಿರುತ್ತೇವೆ, ಯಾರಿಗೋ ರೂಮು ಕೊಟ್ಟಿರುತ್ತೇವೆ. ನಿಮ್ಮ ಸಹಾಯಕ್ಕೊಂದು ಹದಿಮೂರನೇ ತಿಂಗಳು ಇದೆಯಾ? ಅಥವಾ ನೀವೇ ಯಾರದೋ ಹಂಗಿನಿಂದ ಹೊರಬಂದವರಾ? ನಿಮ್ಮ ಅನುಭವವನ್ನು ಓದುಗರ ಅಂಕಣಕ್ಕೆ ಬರೆದು ಕಳಿಸಿ. ಸಹಾಯ ಪಡೆದವರ ಹೆಸರು ಮಾತ್ರ ಬರೆಯಬೇಡಿ.