ಮಾಲ್ಗುಡಿಗೆ ದಾರಿ ಯಾವುದು?

1986ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಶುರುವಾದಾಗ ಕೋಲಾರದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟೀವಿ. ಎಲ್. ವೈದ್ಯನಾಥನ್ ಅವರ ರಾಗ ಕಿವಿಗೆ ಬಿದ್ದರೆ ಸಾಕು, ಹೆಂಗಸರು ಒಲೆ ಸಣ್ಣ ಮಾಡಿ ಬರುತ್ತಿದ್ದರು. ಹುಡುಗರು ಹೊಸ್ತಿಲಿನವರೆಗೂ ತುಂಬಿಕೊಳ್ಳುತ್ತಿದ್ದೆವು. ಅಷ್ಟು ಹಚ್ಚಿಕೊಂಡ ಧಾರಾವಾಹಿಯ ಬಗ್ಗೆ ನಾವು ಎಷ್ಟೊಂದು ತಪ್ಪು ತಿಳಿದುಕೊಂಡಿದ್ದೆವು ಎಂಬುದು ಆರ್.ಕೆ. ನಾರಾಯಣ್ ಅವರ ಮೂಲ ಪುಸ್ತಕ ಓದಿದ ಮೇಲೆಯೇ ಗೊತ್ತಾದದ್ದು. ಆ ತಪ್ಪುಗಳು ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತಿವೆ.

ತಪ್ಪು ಕಲ್ಪನೆ: ಮಾಲ್ಗುಡಿ ನಿಜವಾದ ಊರು, ಅದೇ ಆಗುಂಬೆ.

ವಾಸ್ತವ: ಆಗುಂಬೆ ಚಿತ್ರೀಕರಣವಾದ ಊರು, ಅಷ್ಟೇ. ನಾವೂ ಒಮ್ಮೆ ರಾತ್ರಿ ಬಸ್ಸು ಹಿಡಿದು ತೀರ್ಥಹಳ್ಳಿ ದಾಟಿ ಅಲ್ಲಿಗೆ ಹೋಗಿ, ಕಥೆಯ ಹುಡುಗ ಸ್ವಾಮಿಯ ರೈಲ್ವೆ ಸ್ಟೇಷನ್ ಎಲ್ಲಿ ಎಂದು ಹುಡುಕಿದವರೇ. ಆಗುಂಬೆಗೆ ರೈಲೇ ಇಲ್ಲ. ರೈಲಿನ ದೃಶ್ಯಗಳನ್ನು ತೆಗೆದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ. ಅಲ್ಲಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಆಗುಂಬೆಯ ಬೀದಿ, ದೊಡ್ಡಮನೆಯ ಅಂಗಳ, ಅರಸಾಳಿನ ಪ್ಲಾಟ್‌ಫಾರಂ ಇವನ್ನೆಲ್ಲ ಒಂದೇ ಊರು ಎಂದು ನಾವು ನಂಬಿದೆವು. ನಿರ್ದೇಶಕ ಶಂಕರ್ ನಾಗ್, ಕಲಾ ನಿರ್ದೇಶಕ ಜಾನ್ ದೇವರಾಜ್ ಮತ್ತು ಅವರ ತಂಡ ಪಟ್ಟ ಶ್ರಮದ ಫಲ ಅದು. ಇದ್ದ ಊರನ್ನು ಕ್ಯಾಮೆರಾದಲ್ಲಿ ಹಿಡಿದರು ಎಂದುಬಿಟ್ಟರೆ ಆ ಶ್ರಮವನ್ನೇ ಅಳಿಸಿಹಾಕಿದಂತೆ.

ತಪ್ಪು ಕಲ್ಪನೆ: ಮಲ್ಲೇಶ್ವರ ಮತ್ತು ಬಸವನಗುಡಿ ಸೇರಿ ಮಾಲ್ಗುಡಿ ಆಯಿತು.

ವಾಸ್ತವ: ಕೇಳಲು ಚೆನ್ನಾಗಿದೆ, ಅದಕ್ಕೇ ಇದು ಸಾಯುತ್ತಿಲ್ಲ. ನಾರಾಯಣ್ ತಾವೇ ಹೇಳಿಕೊಂಡಿರುವುದು ಬೇರೆ. 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ಆರಿಸಿಕೊಟ್ಟ ವಿಜಯದಶಮಿಯ ಶುಭದಿನ ಬರೆಯಲು ಕೂತಾಗ, ಹೆಸರಿನ ಸಮೇತ ಒಂದು ಪುಟ್ಟ ರೈಲ್ವೆ ನಿಲ್ದಾಣ ಅವರ ಕಣ್ಣಮುಂದೆ ಬಂತಂತೆ. ಊರು ಬೆಳೆದದ್ದು ಆಮೇಲೆ, ಕಾದಂಬರಿಯಿಂದ ಕಾದಂಬರಿಗೆ. ಸರಯೂ ನದಿ, ಮೆಂಪಿ ಬೆಟ್ಟ, ಕಬೀರ್ ಬೀದಿ, ಆಲ್ಬರ್ಟ್ ಮಿಷನ್ ಶಾಲೆ ಎಲ್ಲವೂ ಅವರು ಕಟ್ಟಿದ್ದು. ಕಥೆಯ ಲೆಕ್ಕದಲ್ಲಿ ಆ ಊರು ಮೈಸೂರು ಸಂಸ್ಥಾನದಲ್ಲೂ ಇಲ್ಲ, ಮದ್ರಾಸ್ ಪ್ರಾಂತದಲ್ಲಿದೆ.

ತಪ್ಪು ಕಲ್ಪನೆ: ಅದು ಕನ್ನಡದ ಧಾರಾವಾಹಿ.

ವಾಸ್ತವ: ತಯಾರಾದದ್ದು ಹಿಂದಿಯಲ್ಲಿ, ಮೊದಲ 13 ಕಂತುಗಳು ಇಂಗ್ಲಿಷಿನಲ್ಲೂ ಇದ್ದವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ ಇದ್ದದ್ದರಿಂದ ನಮ್ಮ ನೆನಪು ಅದನ್ನು ಕನ್ನಡದಲ್ಲೇ ಕೇಳಿಸುತ್ತದೆ. ಹಾಗೆಂದು ಅದು ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವುದೂ ತಪ್ಪೇ. ಮನೆಯೊಳಗೆ ತೆಲುಗು, ಹೊಸ್ತಿಲಾಚೆ ಕನ್ನಡ ಆಡಿಕೊಂಡು ಬೆಳೆದ ಮುಳಬಾಗಿಲು, ಶ್ರೀನಿವಾಸಪುರದವರಿಗೆ, ಭಾಷೆ ಬೇರೆಯಾದರೂ ಕಥೆ ನಮ್ಮದಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಮಾತು ತಮಿಳಾಗಿದ್ದ ಮಾಲೂರು ಸೀಮೆಯ ಮಾಸ್ತಿಯವರೇ ಕನ್ನಡದ ಸಣ್ಣಕತೆಗೆ ದಾರಿ ಹಾಕಿಕೊಟ್ಟವರಲ್ಲವೇ?

ತಪ್ಪು ಕಲ್ಪನೆ: ಆಗಿನ ಕಾಲ ನೆಮ್ಮದಿಯ ಕಾಲ, ಮಾಲ್ಗುಡಿಯಲ್ಲಿ ಯಾರಿಗೂ ಕಷ್ಟವಿರಲಿಲ್ಲ.

ವಾಸ್ತವ: ಈ ಮಾತು ನಮ್ಮನ್ನು ಬೇಸರಪಡಿಸುತ್ತದೆ. 1935ರ ಮೂಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ತೆರೆದು ನೋಡಿ. 1930ರ ಚಳವಳಿಯಲ್ಲಿ ವಿದೇಶಿ ಬಟ್ಟೆ ಸುಡುವಾಗ ಸ್ವಾಮಿ ತನ್ನ ಟೋಪಿಯನ್ನೂ ಬೆಂಕಿಗೆಸೆದ. ಹೆಡ್‌ಮಾಸ್ಟರರ ಬೆತ್ತದೇಟು ತಿಂದ, ಶಾಲೆ ಬಿಟ್ಟ, ಮನೆ ಬಿಟ್ಟು ಓಡಿದ, ರಾತ್ರಿ ಕಾಡಿನಲ್ಲಿ ದಾರಿ ತಪ್ಪಿ ನಡುಗಿದ. ಕೊನೆಗೆ ಪ್ರಾಣಸ್ನೇಹಿತ ರಾಜಂ ರೈಲು ಹತ್ತಿ ಹೊರಟೇ ಹೋದ. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಕಷ್ಟ ಇನ್ನೇನು ಬೇಕು? ನೆಮ್ಮದಿಯಾಗಿದ್ದದ್ದು ಕಥೆ ಹೇಳಿದ ದನಿ. ನಾವು ಅದನ್ನೇ ಕಾಲದ ನೆಮ್ಮದಿ ಎಂದುಕೊಂಡೆವು.

ತಪ್ಪು ಕಲ್ಪನೆ: ಇದು ಬರೀ ಮಕ್ಕಳ ಧಾರಾವಾಹಿ.

ವಾಸ್ತವ: ಅನಂತ್ ನಾಗ್ ಅವರ ಜಗನ್ ಪಾತ್ರ ನೆನೆಸಿಕೊಳ್ಳಿ. ಅಮೆರಿಕಕ್ಕೆ ಹೋಗಿಬಂದ ಮಗ ಅರ್ಥವಾಗದೆ ಒಳಗೊಳಗೇ ಸೋಲುವ ಮಿಠಾಯಿ ವ್ಯಾಪಾರಿಯ ಕಥೆ ಮಕ್ಕಳಿಗಿಂತ ಅಪ್ಪಂದಿರಿಗೇ ಹೆಚ್ಚು ತಟ್ಟುತ್ತದೆ.

ತಪ್ಪು ಕಲ್ಪನೆ: ಮನೆಮಂದಿಯ ದಿನನಿತ್ಯದ ಸಂಗತಿ ಇಟ್ಟುಕೊಂಡು ಹೆಚ್ಚು ದಿನ ಕಥೆ ನಡೆಸಲಾಗದು, ಜಗಳ, ಸಂಚು ಬೇಕೇ ಬೇಕು.

ವಾಸ್ತವ: ಜಪಾನಿನ ‘ಸಝಾಯೆ-ಸಾನ್’ ನೋಡಿ. ಯುದ್ಧದಲ್ಲಿ ಸೋತು, ಊಟಕ್ಕೂ ಪರದಾಡುತ್ತಿದ್ದ 1946ರಲ್ಲಿ ಹಸೆಗಾವ ಮಾಚಿಕೊ ಎಂಬ ಮಹಿಳೆ ಪತ್ರಿಕೆಯೊಂದಕ್ಕೆ ನಾಲ್ಕು ಚೌಕದ ಚಿತ್ರಕಥೆ ಬರೆಯತೊಡಗಿದರು. ಅಪ್ಪ, ಅಮ್ಮ, ಮಕ್ಕಳು, ಅಳಿಯ, ಮೊಮ್ಮಗು, ಒಂದು ಬೆಕ್ಕು, ಇಷ್ಟೇ ಸಂಸಾರ. 1969ರ ಅಕ್ಟೋಬರಿನಲ್ಲಿ ಅದು ಟೀವಿಗೆ ಅನಿಮೇ ಆಗಿ ಬಂದದ್ದು ಭಾನುವಾರ ಸಂಜೆ ಇನ್ನೂ ಬರುತ್ತಲೇ ಇದೆ. ಅತಿ ದೀರ್ಘ ಕಾಲದ ಅನಿಮೇಷನ್ ಧಾರಾವಾಹಿ ಎಂದು 2013ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ಯಾರೂ ವಿಷ ಹಾಕುವುದಿಲ್ಲ. ಆ ಮನೆಯವರೆಲ್ಲ ವಿಮಾನ ಬಿದ್ದು ಸಮುದ್ರಜೀವಿಗಳಾಗುವ ಕೊನೆಯ ಕಂತು ಒಂದಿದೆ ಎಂಬ ಗಾಳಿಸುದ್ದಿ ಜಪಾನಿನಲ್ಲಿ ಬಹುಕಾಲ ಹಬ್ಬಿತ್ತು. ಹುಟ್ಟಿದ್ದು ಹೆಸರುಗಳಿಂದ ಇರಬೇಕು: ಆ ಮನೆಯವರ ಹೆಸರುಗಳೆಲ್ಲ ಸಮುದ್ರಕ್ಕೆ ಸಂಬಂಧಿಸಿದವು. ಧಾರಾವಾಹಿಯೇ ಮುಗಿದಿಲ್ಲ, ಕೊನೆಯ ಕಂತು ಎಲ್ಲಿಂದ ಬರಬೇಕು?

ತಪ್ಪು ಕಲ್ಪನೆ: ಇಂಥ ಕಥೆ ಹುಟ್ಟಲು ಮಲೆನಾಡಿನ ಹಸಿರು, ಮಳೆ ಬೇಕು, ನಮ್ಮ ಬಯಲುಸೀಮೆಯಲ್ಲಿ ಏನಿದೆ?

ವಾಸ್ತವ: ಪುಸ್ತಕದಲ್ಲಿ ಅಪ್ಪ ಸ್ವಾಮಿಗೆ ಒಂದು ಲೆಕ್ಕ ಕೊಡುತ್ತಾರೆ. ರಾಮ ಹತ್ತು ಮಾವು ಮಾರಿ ಹದಿನೈದಾಣೆ ಗಳಿಸಬೇಕು. ಕೃಷ್ಣನಿಗೆ ನಾಲ್ಕೇ ಸಾಕು. ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಹತ್ತುವುದಿಲ್ಲ. ಆ ಮಾವು ಹಣ್ಣಾಗಿದ್ದವೇ ಎಂದು ಅವನು ಕೇಳುತ್ತಾನೆ. ಓದಿದವರೆಲ್ಲ ನಗುತ್ತಾರೆ. ಶ್ರೀನಿವಾಸಪುರದವರು ನಗುವುದಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿನ ಮಂಡಿಗೆ ಹೋಗಿ ನಿಲ್ಲಿ. ಕಾಯಾಗಿ ಫ್ಯಾಕ್ಟರಿಗೆ ಹೋಗುವ ತೋತಾಪುರಿಗೆ ಒಂದು ರೇಟು, ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ ಬಾದಾಮಿಗೆ ಇನ್ನೊಂದು. ಟ್ರ್ಯಾಕ್ಟರು ನಿಂತೊಡನೆ ಮಂಡಿಯವರು ಬೆಲೆ ಮಾತಾಡುವ ಮೊದಲು ಒಂದನ್ನು ಕೈಗೆತ್ತಿಕೊಂಡು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ, ಸ್ವಾಮಿ ಕೇಳಿದ್ದನ್ನೇ ಕೇಳುತ್ತಾರೆ.