ನಿದ್ದೆಯಲ್ಲಿದ್ದವನ ಹೆಸರಲ್ಲಿ ಲಾಗಿನ್

ಹೈದರಾಬಾದಿನ ಮಾಧಾಪುರ, ಗಚ್ಚಿಬೌಲಿ ಕಡೆಯ ಐಟಿ ಕಚೇರಿಗಳಲ್ಲಿ ದಿನ ಶುರುವಾಗುವುದು ನಾವು ಗುರುತಿನ ಚೀಟಿ ತೋರಿಸಿ ಗೇಟು ದಾಟಿದಾಗ ಅಲ್ಲ. ಅದಕ್ಕೂ ನಾಲ್ಕೈದು ಗಂಟೆ ಮೊದಲೇ ಶುರುವಾಗಿರುತ್ತದೆ. ರಾತ್ರಿ ಹೊಸ ಕೋಡ್ ಹಾಕಲೆಂದು ನಿಲ್ಲಿಸಿದ ಸರ್ವರ್ ಪ್ರೋಗ್ರಾಂಗಳನ್ನು ಬೆಳಗಿನ ಜಾವ ಮತ್ತೆ ಎಬ್ಬಿಸಬೇಕು. ಅದಕ್ಕೊಂದು ಕ್ರಮವಿದೆ: ಮೊದಲು ಡೇಟಾಬೇಸ್, ಆಮೇಲೆ ಅದನ್ನು ನಂಬಿಕೊಂಡ ಅಪ್ಲಿಕೇಶನ್, ಕೊನೆಗೆ ವೆಬ್ ಸರ್ವರ್. ಹಿಂದೆ ಈ ಕೆಲಸವನ್ನು ರಾತ್ರಿ ಪಾಳಿಯ ಆಪರೇಟರುಗಳು ಒಂದೊಂದೇ ಯಂತ್ರಕ್ಕೆ ಲಾಗಿನ್ ಆಗಿ ಮಾಡುತ್ತಿದ್ದರು. ಈಗ ಹಲವು ಕಡೆ ಒಂದು ಪ್ರೋಗ್ರಾಂ ಮಾಡುತ್ತದೆ.

ಆ ಪ್ರೋಗ್ರಾಂ ಲಾಗಿನ್ ಆಗಬೇಕಾದರೆ ಯಾರದಾದರೂ ಹೆಸರು ಬೇಕಲ್ಲ? ಅದು ಯಾರ ಹೆಸರು? ಹನ್ನೊಂದು ವರ್ಷದಿಂದ ಈ ಊರಲ್ಲಿ ಜಾವಾ ಬರೆದು ಬದುಕುತ್ತಿರುವ ನನಗೆ ಈ ಪ್ರಶ್ನೆ ಎಷ್ಟು ದೊಡ್ಡದು ಎಂದು ಗೊತ್ತಾದದ್ದು ರಾಯಚೂರಿನ ಒಬ್ಬ ಹುಡುಗನ ಕೆಲಸ ಹೋಗುವ ಹಂತಕ್ಕೆ ಬಂದಾಗ.

ಅದಕ್ಕೆ ಮೊದಲು ಈ ಲಾಗಿನ್ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ದೂರದ ಯಂತ್ರಕ್ಕೆ ಹೋಗಲು ಒಂದು ಕಾಲದಲ್ಲಿ ಟೆಲ್ನೆಟ್ ಇತ್ತು. ಅದರಲ್ಲಿ ಪಾಸ್‌ವರ್ಡು ಪೋಸ್ಟ್‌ಕಾರ್ಡಿನ ಮೇಲೆ ಬರೆದ ಹಾಗೆ ತೆರೆದೇ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಹರಿದುಹೋಗುವ ಪಾಸ್‌ವರ್ಡುಗಳನ್ನು ಕದ್ದರು. ಅಲ್ಲಿನ ಸಂಶೋಧಕ ತಾತು ಯ್ಲೊನೆನ್ ಅದಕ್ಕೆ ಉತ್ತರವಾಗಿ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21ನೇ ಪೋರ್ಟಿಗೂ ಟೆಲ್ನೆಟ್‌ನ 23ಕ್ಕೂ ನಡುವೆ ಖಾಲಿ ಇದ್ದ 22ನೇ ಪೋರ್ಟು ಅದಕ್ಕೆ ಸಿಕ್ಕಿತು. ಇವತ್ತಿಗೂ ಅದೇ.

ಎಸ್‌ಎಸ್‌ಎಚ್ ಬರಿಯ ಗುಟ್ಟು ಕಾಪಾಡುವುದಿಲ್ಲ, ಎರಡು ಪ್ರಶ್ನೆಗಳನ್ನೂ ಕೇಳುತ್ತದೆ. ಒಂದು, ನಾನು ಮಾತಾಡುತ್ತಿರುವ ಯಂತ್ರ ನಿಜವಾಗಿಯೂ ಅದೇನಾ? ಎರಡು, ಬಂದಿರುವವರು ಯಾರು? ಮನುಷ್ಯ ಕೂತಿದ್ದರೆ ಎರಡಕ್ಕೂ ಉತ್ತರ ಕೊಡುತ್ತಾನೆ. ಹೊಸ ಯಂತ್ರವಾದರೆ 'ಇದರ ಗುರುತು ನನಗೆ ಗೊತ್ತಿಲ್ಲ, ಮುಂದುವರಿಯಲೇ?' ಎಂದು ಪರದೆಯ ಮೇಲೆ ಕೇಳಿದಾಗ ಅವನು ಒಂದು ಕ್ಷಣವಾದರೂ ನಿಲ್ಲುತ್ತಾನೆ.

ಪ್ರೋಗ್ರಾಂ ಬರೆಯುವವರಿಗೆ ಈ ಎರಡು ಪ್ರಶ್ನೆಗಳೇ ತೊಡಕು. ಜಾವಾ ಜೊತೆಗೆ ಎಸ್‌ಎಸ್‌ಎಚ್ ಬರುವುದಿಲ್ಲ. ಲಿನಕ್ಸಿನ ಎಸ್‌ಎಸ್‌ಎಚ್ ಕಮಾಂಡನ್ನೇ ಜಾವಾದಿಂದ ಓಡಿಸಿ ಪಾಸ್‌ವರ್ಡ್ ತುರುಕೋಣ ಎಂದರೆ ಅದು ಒಪ್ಪುವುದಿಲ್ಲ. ಪಾಸ್‌ವರ್ಡನ್ನು ಅದು ಟರ್ಮಿನಲ್‌ನಿಂದಲೇ, ಎಂದರೆ ಮನುಷ್ಯ ಟೈಪ್ ಮಾಡುವ ಜಾಗದಿಂದಲೇ ಓದುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಅದಕ್ಕಾಗಿ ಜಾವಾ ಮಂದಿ ಬಹುಕಾಲದಿಂದ ಜೆಎಸ್‌ಸಿಎಚ್ ಎಂಬ ಲೈಬ್ರರಿ ಬಳಸುತ್ತ ಬಂದಿದ್ದಾರೆ. ಹತ್ತು ಸಾಲಲ್ಲಿ ಕೆಲಸ ಮುಗಿಯುತ್ತದೆ: ಹೆಸರು ಕೊಡು, ಯಂತ್ರದ ವಿಳಾಸ ಕೊಡು, ಪಾಸ್‌ವರ್ಡ್ ಕೊಡು, ಸೆಷನ್ ತೆರೆ, ಕಮಾಂಡ್ ಕಳಿಸು. ಆ ಹತ್ತರಲ್ಲಿ ಒಂದು ಸಾಲು ಎಷ್ಟೋ ಕಚೇರಿಗಳ ಕೋಡಿನಲ್ಲಿ ಕಾಣುತ್ತದೆ: 'ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್' ಎಂಬುದಕ್ಕೆ 'ನೋ'. ಎಂದರೆ ಎದುರಿನ ಯಂತ್ರದ ಗುರುತು ಕೇಳಬೇಡ, ಯಾರಾದರೂ ಸರಿ, ಒಳಗೆ ಹೋಗು. ಮೊದಲ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎರಡನೆಯದಕ್ಕೆ ಯಾರದೋ ಒಬ್ಬರ ಐಡಿ ಹಾಕಿದರಾಯಿತು.

ನಾನು ಕೆಲಸ ಮಾಡುವ ಕಡೆ ಹಾಕಿದ್ದು ಆ ರಾಯಚೂರಿನ ಹುಡುಗನ ಐಡಿ.

ಅವನು ಗುತ್ತಿಗೆ ನೌಕರ. ಬೇರೆ ಏಜೆನ್ಸಿಯ ಮೂಲಕ ಬಂದವನು, ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಣ. ಹೈದರಾಬಾದಿನಲ್ಲಿ ಕಲಬುರಗಿ, ಬೀದರ್, ರಾಯಚೂರಿನವರು ಹೊರಗಿನವರೇ ಅಲ್ಲ ಎನ್ನಬೇಕು. 1956ರ ನವೆಂಬರ್ ಒಂದರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ರಾಜ್ಯ. ಅವರಿಗೆ ಇಲ್ಲಿನ ದಖನಿ ಮಾತೂ ಬರುತ್ತದೆ, ತೆಲುಗೂ ಬರುತ್ತದೆ. ಹರಿಹರದವನಾದ ನಾನು ಇಲ್ಲಿಗೆ ಬಂದ ಹೊಸದರಲ್ಲಿ ಆಟೋದವರ ಜೊತೆ ಚೌಕಾಸಿ ಕಲಿತದ್ದೂ ಇಂಥವರಿಂದಲೇ. ಆದರೆ ಕಚೇರಿಯ ಏಣಿಯಲ್ಲಿ ಗುತ್ತಿಗೆಯವರ ಜಾಗ ಕೆಳಗಿನ ಮೆಟ್ಟಿಲು. ಏನಾದರೂ ಕೆಟ್ಟರೆ ಮೊದಲು ನೋಡುವುದು ಆ ಕಡೆಗೇ.

ಒಂದು ಶುಕ್ರವಾರ ಇನ್ನೊಂದು ತಂಡದ ಯಂತ್ರದಲ್ಲಿ ಎರಡು ದಿನದಿಂದ ಓಡುತ್ತಿದ್ದ ಲೆಕ್ಕಾಚಾರ ನಡುವೆಯೇ ನಿಂತುಹೋಗಿತ್ತು. ಅದರ ತಾತ್ಕಾಲಿಕ ಕಡತಗಳೆಲ್ಲ ಅಳಿಸಿಹೋಗಿದ್ದವು. ಆ ಯಂತ್ರದ ಲಾಗ್ ತೆಗೆದು ನೋಡಿದರೆ ಸ್ಪಷ್ಟವಾಗಿ ಬರೆದಿತ್ತು: ಗುರುವಾರ 23 ಗಂಟೆ 00 ನಿಮಿಷ, ಪಾಸ್‌ವರ್ಡ್ ಸ್ವೀಕರಿಸಲಾಗಿದೆ. ಮುಂದೆ ಅವನ ಐಡಿ. ಹಾಜರಿ ದಾಖಲೆಯ ಪ್ರಕಾರ ಗುರುವಾರ ರಾತ್ರಿ ಹನ್ನೊಂದಕ್ಕೆ ಅವನು ಸೀಟಿನಲ್ಲಿದ್ದ. ಹನ್ನೊಂದೂವರೆಗೆ ಪಾಳಿ ಮುಗಿಸಿ ಹೊರಟಿದ್ದ. ಸಂಜೆಯೊಳಗೆ ವಿವರಣೆ ಕೊಡಬೇಕೆಂದು ಇಮೇಲ್ ಹೋಯಿತು. ಅವನು ಊರಿಂದ ನನಗೆ ಫೋನ್ ಮಾಡಿದ.

"ಸರ, ನಾ ಆ ಮಷಿನ್ ಹೆಸರು ಸೈತ ಕೇಳಿಲ್ರಿ. ನನ್ನ ಹೆಸರು ಅಲ್ಲಿ ಹೆಂಗ ಬಂತು?"

ಅದು ನನ್ನ ತಂಡದ ವಿಷಯವಲ್ಲ. ಆದರೂ ಅವನ ಮ್ಯಾನೇಜರಿಗೆ ಹೇಳಿ ಲಾಗ್ ನೋಡಲು ಕೂತೆ. ಮೊದಲು ಕಣ್ಣಿಗೆ ಬಿದ್ದದ್ದು ಗಡಿಯಾರ. ಆ ಸರ್ವರ್‌ಗಳ ಗಡಿಯಾರ ಯುಟಿಸಿಯಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗುರುವಾರದ 23:00 ಎಂದರೆ ನಮಗೆ ಶುಕ್ರವಾರ ಬೆಳಗಿನ ಜಾವ 4:30. ಆ ಹೊತ್ತಿಗೆ ಅವನು ರಾಯಚೂರಿನ ರಾತ್ರಿ ಬಸ್ಸಿನಲ್ಲಿ ನಿದ್ದೆಯಲ್ಲಿದ್ದ. ಕಚೇರಿಯ ಲ್ಯಾಪ್‌ಟಾಪ್ ಇಲ್ಲಿನ ಡ್ರಾಯರಿನಲ್ಲಿತ್ತು.

ಹಾಗಿದ್ದರೆ ಪಾಸ್‌ವರ್ಡನ್ನು ಬೇರೆಯವರಿಗೆ ಕೊಟ್ಟಿದ್ದಾನೆ, ಅದು ಇನ್ನೂ ದೊಡ್ಡ ತಪ್ಪು ಎಂಬ ಮಾತು ಬಂತು. ನ್ಯಾಯವಾದ ಅನುಮಾನವೇ. ಆದ್ದರಿಂದ ಲಾಗಿನ್ ಎಲ್ಲಿಂದ ಬಂತು ಎಂದು ನೋಡಿದೆವು. ಲಾಗಿನ ಅದೇ ಸಾಲಿನಲ್ಲಿ ಮೂಲದ ವಿಳಾಸವೂ ಇರುತ್ತದೆ. ಅದು ಯಾರ ಲ್ಯಾಪ್‌ಟಾಪಿನದೂ ಆಗಿರಲಿಲ್ಲ, ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಶೆಡ್ಯೂಲರ್ ಯಂತ್ರದ್ದಾಗಿತ್ತು. ಅದೇ ಐಡಿ ಅದೇ ಹತ್ತು ಸೆಕೆಂಡಿನೊಳಗೆ ಇನ್ನೂ ಹದಿನೇಳು ಯಂತ್ರಗಳಿಗೆ ಲಾಗಿನ್ ಆಗಿತ್ತು. ಯಾವ ಮನುಷ್ಯನ ಬೆರಳೂ ಅಷ್ಟು ಬೇಗ ಓಡುವುದಿಲ್ಲ. ಲಿನಕ್ಸಿನಲ್ಲಿ 'ಲಾಸ್ಟ್' ಎಂಬ ಕಮಾಂಡ್ ಇದೆ, ಟರ್ಮಿನಲ್ ತೆರೆದು ಕೂತವರ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಪ್ರೋಗ್ರಾಂ ಟರ್ಮಿನಲ್ ತೆರೆಯದೆ ಬರೀ ಕಮಾಂಡ್ ಕಳಿಸಿ ಹೋದರೆ ಹೀಗಾಗುತ್ತದೆ. ಹಿಂದಿನ ತಿಂಗಳುಗಳ ಲಾಗ್ ತೆಗೆದೆವು. ಪ್ರತಿದಿನ 23:00ಕ್ಕೆ ಇದೇ ನಡೆದಿತ್ತು, ಅವನ ಅಕ್ಕನ ಮದುವೆಯ ದಿನವೂ. ನಮ್ಮ ದೇಶದಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು 180 ದಿನದ ಲಾಗ್ ಇಟ್ಟುಕೊಂಡಿರಬೇಕು. ಆ ನಿಯಮ ಅವತ್ತು ಒಬ್ಬನ ಪರವಾಗಿ ಸಾಕ್ಷಿ ಹೇಳಿತು.

ಉಳಿದದ್ದು ಒಂದೇ ಪ್ರಶ್ನೆ: ಬೇರೆ ತಂಡದ ಯಂತ್ರಕ್ಕೆ ಆ ಪ್ರೋಗ್ರಾಂ ಹೋದದ್ದು ಹೇಗೆ? ಪಟ್ಟಿಯಲ್ಲಿದ್ದ ಒಂದು ಹಳೆ ಯಂತ್ರವನ್ನು ಆ ವಾರ ತೆಗೆದುಹಾಕಿದ್ದರು. ಅದರ ಐಪಿ ವಿಳಾಸ ಹೊಸ ಯಂತ್ರಕ್ಕೆ ಹೋಗಿತ್ತು. ಬಾಡಿಗೆ ಮನೆ ಖಾಲಿಯಾಗಿ ಅಲ್ಲಿಗೆ ಬೇರೆ ಸಂಸಾರ ಬಂದ ಹಾಗೆ. ಯಂತ್ರದ ಗುರುತಿನ ಕೀಲಿ ಬದಲಾಗಿತ್ತು, ಎಸ್‌ಎಸ್‌ಎಚ್ ಅದನ್ನು ಹಿಡಿಯಬಹುದಿತ್ತು. ಆದರೆ ಕೇಳಬೇಡ ಎಂದು ಮೊದಲೇ ಬರೆದಿಟ್ಟಿದ್ದರಲ್ಲ! ಆಪರೇಟರ್ ಆದ್ದರಿಂದ ಹುಡುಗನ ಐಡಿಗೆ ಎಲ್ಲ ಯಂತ್ರಗಳಲ್ಲೂ ಪ್ರವೇಶವಿತ್ತು. ಎಲ್ಲ ತಂಡಗಳ ಫೋಲ್ಡರ್ ವ್ಯವಸ್ಥೆಯೂ ಒಂದೇ. ಪ್ರೋಗ್ರಾಂ ಎಂದಿನಂತೆ ಹೋಗಿ, ನಿಲ್ಲಿಸಿ, ಗುಡಿಸಿ, ಮತ್ತೆ ಎಬ್ಬಿಸಿ ಬಂದಿತ್ತು. ಅದರ ಪ್ರಕಾರ ಎಲ್ಲ ಸರಿಯಾಗಿಯೇ ನಡೆದಿತ್ತು.

ಆ ಪ್ರೋಗ್ರಾಂ ಬರೆದವರು ಕೆಲಸ ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಪ್ರೋಗ್ರಾಮಿಗೇ ಬೇರೆ ಐಡಿ ಮಾಡಿಸಲು ಮೂರು ಕಡೆ ಅನುಮತಿ ಬೇಕು, ಸದ್ಯಕ್ಕೆ ನಿನ್ನದು ಹಾಕು ಎಂದು ಅಂದಿನ ಮೇಲಧಿಕಾರಿ ಹುಡುಗನಿಗೆ ಬರೆದ ಇಮೇಲ್ ಸಿಕ್ಕಿತು. ಪ್ರೋಗ್ರಾಂ ನಿಲ್ಲಬಾರದೆಂದು ಆ ಐಡಿಯ ಪಾಸ್‌ವರ್ಡ್ ಬದಲಿಸಬೇಕಾದ ಅವಧಿಗೂ ವಿನಾಯಿತಿ ಕೊಡಿಸಿದ್ದರು. ಆ 'ಸದ್ಯಕ್ಕೆ' ಎನ್ನುವುದಕ್ಕೆ ಎರಡು ವರ್ಷವಾಗಿತ್ತು. ಆ ಇಮೇಲ್ ಅವನು ಅಳಿಸದೆ ಇಟ್ಟುಕೊಂಡಿದ್ದರಿಂದ ಪಾಸ್‌ವರ್ಡ್ ಹಂಚಿದ ಆರೋಪವೂ ಬಿದ್ದುಹೋಯಿತು.

ಪ್ರೋಗ್ರಾಮನ್ನು ಹೊಸದಾಗಿ ಬರೆಯುವ ಕೆಲಸ ನನಗೆ ಬಂತು. ಈ ಅಂಕಣ ಓದುವ ಐಟಿ ಮಿತ್ರರಿಗೆ ಉಪಯೋಗವಾಗಬಹುದೆಂದು ವಿವರ ಹೇಳುತ್ತೇನೆ. ಮೊದಲಿಗೆ, ಪ್ರೋಗ್ರಾಮಿಗೆ ಅದರದೇ ಐಡಿ. ಅದಕ್ಕೆ ಹೊಣೆ ಯಾರು, ಅವರು ರಜೆಯಲ್ಲಿದ್ದರೆ ಯಾರು ಎಂಬುದು ದಾಖಲೆಯಲ್ಲಿ. ಪಾಸ್‌ವರ್ಡಿನ ಬದಲು ಕೀಲಿಜೋಡಿ: ಖಾಸಗಿ ಕೀಲಿ ಶೆಡ್ಯೂಲರ್ ಯಂತ್ರದಲ್ಲಿ, ಬಹಿರಂಗ ಕೀಲಿ ಉಳಿದ ಯಂತ್ರಗಳಲ್ಲಿ. ಬಹಿರಂಗ ಕೀಲಿಯ ಪಕ್ಕದಲ್ಲೇ ಎರಡು ಷರತ್ತು ಬರೆಯಬಹುದು: ಈ ಕೀಲಿ ಇಂಥ ವಿಳಾಸದಿಂದ ಬಂದರೆ ಮಾತ್ರ ಒಪ್ಪು, ಒಪ್ಪಿದ ಮೇಲೂ ಇಂಥ ಒಂದೇ ಕಮಾಂಡ್ ಓಡಿಸಲು ಬಿಡು. ಕೀಲಿ ಕಳುವಾದರೂ ಕಳ್ಳನಿಗೆ ಮನೆಯೆಲ್ಲ ಸಿಗುವುದಿಲ್ಲ. ಯಂತ್ರಗಳ ಗುರುತನ್ನು ಒಂದು ಕಡತದಲ್ಲಿಟ್ಟು, ಹೊಂದದಿದ್ದರೆ ಅಲ್ಲೇ ನಿಂತು ಕೂಗು ಎಂದು ಬರೆದೆ.

ಹಳೆಯ ಜೆಎಸ್‌ಸಿಎಚ್ ಇಲ್ಲಿ ಕೈಕೊಟ್ಟಿತು. ಅದರ ಮೂಲ ಆವೃತ್ತಿ 2018ಕ್ಕೆ ನಿಂತಿದೆ. 2021ರಲ್ಲಿ ಬಂದ ಓಪನ್ ಎಸ್‌ಎಸ್‌ಎಚ್ 8.8 ಹಳೆಯ ಶಾ-1 ಬಗೆಯ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದಿಲ್ಲ. ಕೀಲಿ ಸರಿಯಿದ್ದರೂ 'ಆತ್ ಫೇಲ್' ಎನ್ನುತ್ತದೆ. ಅದೇ ಲೈಬ್ರರಿಯನ್ನು ಬೇರೆಯವರು ಮುಂದುವರಿಸಿಕೊಂಡು ಬಂದಿರುವ ಆವೃತ್ತಿಗೆ ಬದಲಿಸಿದ ಮೇಲೆ ಸರಿಹೋಯಿತು.

ಇಷ್ಟಾದರೂ ಲಾಗಿನ್ ಆದದ್ದೇ ಸರ್ವರ್ ಎದ್ದದ್ದು ಎಂದಲ್ಲ. ಮನುಷ್ಯ ಲಾಗಿನ್ ಆದಾಗ ಓದುವ ಪ್ರೊಫೈಲ್ ಕಡತವನ್ನು ಈ ಬಗೆಯ ಲಾಗಿನ್ ಓದುವುದಿಲ್ಲ. ಹಾಗಾಗಿ ಕೈಯಿಂದ ಓಡಿಸಿದರೆ ಏಳುವ ಟಾಮ್‌ಕ್ಯಾಟ್ ಪ್ರೋಗ್ರಾಮಿನಿಂದ ಓಡಿಸಿದರೆ 'ಜಾವಾ ಎಲ್ಲಿದೆ?' ಎಂದು ಕೇಳುತ್ತದೆ. ಜಾವಾದ ಜಾಗವನ್ನು ಕಮಾಂಡಿನಲ್ಲೇ ಹೇಳಬೇಕು. ಹಿನ್ನೆಲೆಯಲ್ಲಿ ಬಿಟ್ಟ ಸರ್ವರಿನ ಔಟ್‌ಪುಟ್ ಅನ್ನು ಕಡತಕ್ಕೆ ತಿರುಗಿಸದಿದ್ದರೆ ಸೆಷನ್ ಮುಗಿಯದೆ ನೇತಾಡುತ್ತದೆ. ಟಾಮ್‌ಕ್ಯಾಟಿನ ಸ್ಟಾರ್ಟಪ್ ಸ್ಕ್ರಿಪ್ಟಂತೂ ಅಪ್ಲಿಕೇಶನ್ ಏಳುವ ಮೊದಲೇ 'ಆಯಿತು' ಎಂದು ಸೊನ್ನೆ ಕೊಟ್ಟು ಬರುತ್ತದೆ. ಆದ್ದರಿಂದ ಆ ಸೊನ್ನೆಯನ್ನು ನಂಬದೆ, ಬ್ರೌಸರಿನಂತೆ ಹೊರಗಿನಿಂದ ಪುಟ ಕೇಳಿ, ಉತ್ತರ ಬಂದ ಮೇಲಷ್ಟೇ ಮುಂದಿನ ಯಂತ್ರಕ್ಕೆ ಹೋಗು ಎಂದು ಬರೆದೆ.

ಇದರಲ್ಲಿ ಅರ್ಧ ನನಗೆ ಹೇಳಿಕೊಟ್ಟವನು ಆ ಹುಡುಗನೇ. ಯಾವ ಸರ್ವರ್ ಏಳಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ, ಯಾವುದು ಎದ್ದಂತೆ ತೋರಿಸಿ ಮತ್ತೆ ಬೀಳುತ್ತದೆ ಎಂಬುದು ಯಾವ ದಾಖಲೆಯಲ್ಲೂ ಇರಲಿಲ್ಲ. ಅವನ ನೋಟ್‌ಪುಸ್ತಕದಲ್ಲಿತ್ತು. "ಇದು ಮುಂಜಾನಿ ಎರಡು ಸಲ ಎಬ್ಬಿಸಬೇಕಾಗ್ತದ ನೋಡ್ರಿ ಸರ, ಸಾಲಿ ಹುಡುಗರಂಗ" ಎನ್ನುತ್ತಿದ್ದ. ಗುತ್ತಿಗೆ ನವೀಕರಣವಾಯಿತು. ಈಗ ಹೊಸ ಯಂತ್ರ ಬಂದಾಗಲೆಲ್ಲ ಅದರ ಗುರುತನ್ನು ಆ ತಂಡದವರ ಜೊತೆ ಫೋನಿನಲ್ಲಿ ಅಕ್ಷರ ಅಕ್ಷರ ತಾಳೆ ನೋಡಿ ಪಟ್ಟಿಗೆ ಸೇರಿಸುವವನು ಅವನೇ. ಆ ಕೆಲಸಕ್ಕೆ ಅವನ ಹೆಸರಿದೆ. ಅದು ಅವನು ಎಚ್ಚರವಿದ್ದಾಗ ಮಾಡುವ ಕೆಲಸ.

ಊರು ಬಿಟ್ಟು ಬಂದ ನಮ್ಮಲ್ಲಿ ಬಹಳಷ್ಟು ಮಂದಿ ಮೊದಲು ಸೇರುವುದು ಗುತ್ತಿಗೆಯ ಕೆಲಸಕ್ಕೇ. ಹೊಸಬರು, ಹಿರಿಯರು ಕೇಳಿದಾಗ ಇಲ್ಲ ಎನ್ನಲು ಸಂಕೋಚ. 'ಸದ್ಯಕ್ಕೆ ನಿನ್ನ ಐಡಿ ಹಾಕು' ಎಂದರೆ ಹಾಕಿಬಿಡುತ್ತೇವೆ. ಬಾಯಿಮಾತಿನಲ್ಲಿ ಒಪ್ಪಬೇಡಿ, ಬರೆದು ಕಳಿಸಿ ಎನ್ನಿ. ಎಂದಿಗೆ ತೆಗೆಯುತ್ತೀರಿ ಎಂದೂ ಅದರಲ್ಲೇ ಕೇಳಿ.

ಈಗಾಗಲೇ ಎಲ್ಲೋ ಹಾಕಿ ಮರೆತಿದ್ದೀರೇನೋ ಎಂಬ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಮೇಲಿನವರಿಗೆ ತಿಳಿಸಿ, ಕೆಲಸ ಕಡಿಮೆ ಇರುವ ದಿನ ನೋಡಿಕೊಂಡು ಪಾಸ್‌ವರ್ಡ್ ಬದಲಿಸಿ. ಮರುದಿನ ಬೆಳಗ್ಗೆ ಕಚೇರಿಯಲ್ಲಿ ಏನಾದರೂ ಏಳದೆ ಮಲಗಿದ್ದರೆ, ಅದು ಇಷ್ಟು ದಿನ ನಿಮ್ಮ ಹೆಸರಲ್ಲಿ ಏಳುತ್ತಿತ್ತು ಎಂದರ್ಥ.